ಹುಡುಗ ಹಾಕಿದ ಲೆಕ್ಕ

ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತ ಸಲಹೆಗಾರನಾಗಿ ಸೇರಿದ ಹೊಸತರಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ಹೆದರಿಸುವುದು. ಸಿಕ್ಕಿಬಿದ್ದರೆ ಎಷ್ಟು ವರ್ಷ ಜೈಲು ಅಂತ ಎಣಿಸಿ ಹೇಳುತ್ತಿದ್ದೆ. ಎದುರಿಗೆ ಕೂತವರು ಸುಮ್ನೆ ತಲೆ ಆಡಿಸುತ್ತಿದ್ದರು.

ಒಮ್ಮೆ ಮಾದಕ ವಸ್ತುವಿನ ಪೊಟ್ಟಣ ತಲುಪಿಸುತ್ತಿದ್ದ ಹುಡುಗನೊಬ್ಬ ಬಂದ. ನನ್ನ ಭಾಷಣ ಪೂರ್ತಿ ಕೇಳಿ, "ಸರ್, ಇನ್ನೂರು ಸಲ ಹೋಗಿ ಬಂದಿದ್ದೀನಿ. ಸಿಕ್ಕಿದ್ದು ಒಂದು ಸಲ" ಅಂದ. ನನ್ನ ಬಾಯಿ ಕಟ್ಟಿತು. ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1968ರಲ್ಲಿ ಬರೆದದ್ದೂ ಇದೇ ಲೆಕ್ಕ. ಅಪರಾಧ ಮಾಡುವವನು ಲಾಭವನ್ನು ಒಂದು ತಟ್ಟೆಯಲ್ಲಿ, ಸಿಕ್ಕಿಬೀಳುವ ಸಾಧ್ಯತೆ ಮತ್ತು ಶಿಕ್ಷೆಯನ್ನು ಇನ್ನೊಂದರಲ್ಲಿ ಇಟ್ಟು ತೂಗುತ್ತಾನೆ. ಸಿಕ್ಕುವುದು ಕಮ್ಮಿ ಇದ್ದರೆ ಶಿಕ್ಷೆ ಏರಿಸಿ ಸರಿದೂಗಿಸಬಹುದು ಅನ್ನುವುದು ಕಾಗದದ ಮೇಲಿನ ಮಾತು. ನಾಳೆಯನ್ನೇ ನೋಡದವನಿಗೆ ಹತ್ತು ವರ್ಷ ಎಲ್ಲಿ ಕಾಣಬೇಕು?

ಅವನ ಕೈಗೆ ಒಂದು ಹಾಳೆ ಕೊಟ್ಟೆ. ಎಡಗಡೆ ವಾರದ ಕಮಿಷನ್ ಬರೆದ. ಬಲಗಡೆ ಪೆಟ್ರೋಲ್, ಕಳೆದುಹೋದ ಮಾಲಿಗೆ ಕಟ್ಟಿದ ದುಡ್ಡು, ತಾನೇ ಸೇದಿ ಮುಗಿಸಿದ್ದು. ಕಾದು ನಿಂತ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿ ಅಂದೆ. ಭಾಗಿಸಿದ, ಹೊಡೆದುಹಾಕಿದ, ಮತ್ತೆ ಭಾಗಿಸಿದ. "ಇಷ್ಟೇನಾ?" ಅಂದ. ಮಾದಕ ವಸ್ತು ಮಾರುವ ಅಮೆರಿಕದ ಒಂದು ಗ್ಯಾಂಗಿನ ಲೆಕ್ಕಪತ್ರ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಲೆವಿಟ್ ಮತ್ತು ಸಮಾಜಶಾಸ್ತ್ರಜ್ಞ ವೆಂಕಟೇಶ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಷ್ಟೇ, ಬೀದಿಯಲ್ಲಿ ನಿಂತು ಮಾರುವವರ ಗಳಿಕೆ ಕನಿಷ್ಠ ಕೂಲಿಯ ಆಸುಪಾಸು.

ಆದರೆ ಅವನು ಬಿಟ್ಟ ಜಾಗಕ್ಕೆ ವಾರದೊಳಗೆ ಇನ್ನೊಬ್ಬ ಬಂದಿದ್ದ. ಕೊಳ್ಳುವವರು ಇರುವ ತನಕ ಆ ಜಾಗ ಖಾಲಿ ಉಳಿಯಲ್ಲ. ಮಾಲು ಹಿಡಿದರೆ ಬೆಲೆ ಏರುತ್ತದೆ. ಚಟ ಹತ್ತಿದವನು ಬೆಲೆ ಏರಿದಷ್ಟು ಕಮ್ಮಿ ಮಾಡಲ್ಲ, ಮನೆ ಸಾಮಾನು ಮಾರುತ್ತಾನೆ. ಹಾಗಾಗಿ ನನ್ನಂಥವರ ಕೆಲಸ ಕೊಳ್ಳುವವರ ಕಡೆಯದು.

2004ರಲ್ಲಿ ಅಮೆರಿಕದ ಹವಾಯಿ ರಾಜ್ಯದ ನ್ಯಾಯಾಧೀಶ ಸ್ಟೀವನ್ ಆಲ್ಮ್ ಒಂದು ಪದ್ಧತಿ ಶುರು ಮಾಡಿದರು. ಪ್ರೊಬೇಷನ್ ಮೇಲಿದ್ದವರಿಗೆ, ಅಂದರೆ ಜೈಲಿಗೆ ಹಾಕದೆ ನಿಗಾ ಇಟ್ಟು ಹೊರಗೆ ಬಿಟ್ಟ ಅಪರಾಧಿಗಳಿಗೆ, ಯಾವ ದಿನ ಬೇಕಾದರೂ ಮಾದಕ ವಸ್ತು ಪರೀಕ್ಷೆ. ತಪ್ಪಿದರೆ ತಕ್ಷಣ ಕೆಲವೇ ದಿನಗಳ ಜೈಲು. ಅಲ್ಲಿ ಫಲ ಚೆನ್ನಾಗಿತ್ತು, ಬೇರೆ ರಾಜ್ಯಗಳಲ್ಲಿ ಮಾಡಿ ನೋಡಿದಾಗ ಅಷ್ಟು ಸಿಗಲಿಲ್ಲ. ಆದರೂ 'ಚಿಕ್ಕದು, ಖಚಿತ, ತಕ್ಷಣ' ಅನ್ನುವುದನ್ನು ನಾನು ಎತ್ತಿಕೊಂಡೆ. ಮನೆಗೆ ಹೋಗಿ ಬಂದವರಿಗೆ ಹೇಳದೆ ಮೂತ್ರ ಪರೀಕ್ಷೆ, ಸಿಕ್ಕಿದರೆ ಮುಂದಿನ ಮನೆ ಭೇಟಿ ಇಲ್ಲ.

ಕಷ್ಟ ಆಗಿದ್ದು ನನಗೇ. "ಇದೊಂದು ಸಲ ಬಿಡಿ ಸರ್" ಅಂತಾರೆ. ಎರಡು ಸಲ ಬಿಟ್ಟಿದ್ದೇನೆ. ಎರಡು ಸಲವೂ ಸಂಜೆಯೊಳಗೆ ಇಡೀ ವಾರ್ಡಿಗೆ ಸುದ್ದಿ ಮುಟ್ಟಿತ್ತು.