14 ದಿನ ಇರಬಹುದು ಅನ್ನುತ್ತದೆ ಕಾನೂನು, ಟ್ಯಾಂಕ್ ಏನನ್ನುತ್ತದೆ?

ಅಮೆರಿಕದಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್ಎಂ, ನೋಡಿಕೊಳ್ಳುವ ಸಾರ್ವಜನಿಕ ಭೂಮಿ ಸುಮಾರು 24.5 ಕೋಟಿ ಎಕರೆ. ಅರಿಜೋನಾ, ನೆವಾಡಾ, ಯೂಟಾ, ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯ ದೊಡ್ಡ ಪಾಲು ಇದರಲ್ಲೇ ಬರುತ್ತದೆ. ಬಹುತೇಕ ಕಡೆ 28 ದಿನಗಳ ಅವಧಿಯಲ್ಲಿ 14 ದಿನ ಬಾಡಿಗೆಯಿಲ್ಲದೆ ಆರ್‌ವಿ, ಅಂದರೆ ಒಳಗೇ ವಾಸ ಮಾಡುವ ವಾಹನ ಅಥವಾ ಟ್ರೇಲರ್, ನಿಲ್ಲಿಸಿಕೊಂಡು ಇರಬಹುದು. ಆಮೇಲೆ ಜಾಗ ಬಿಡಬೇಕು. ಅರಿಜೋನಾದಲ್ಲಾದರೆ 25 ಮೈಲಿ ಆಚೆ ಹೋಗಬೇಕು. ಅಲ್ಲಿ ನಲ್ಲಿಯಿಲ್ಲ, ಪ್ಲಗ್ ಇಲ್ಲ, ಕಸದ ತೊಟ್ಟಿಯಿಲ್ಲ.

ಹೊಸಬರು ಮೊದಲು ಕೇಳುವುದು ಸೋಲಾರ್ ಎಷ್ಟು ವ್ಯಾಟ್ ಬೇಕು ಅಂತ. ಕೇಳಬೇಕಾದ ಪ್ರಶ್ನೆ ಬೇರೆ. ಜನ ಅರ್ಧಕ್ಕೇ ವಾಪಸು ಹೊರಡುವುದು ಹೆಚ್ಚಾಗಿ ನೀರು ಮುಗಿದು, ಇಲ್ಲವೇ ಬಳಸಿದ ನೀರು ಹಿಡಿಸಲು ಜಾಗವಿಲ್ಲದೆ.

ಲೆಕ್ಕ ಹಾಕಿ ನೋಡೋಣ. ಮಧ್ಯಮ ಗಾತ್ರದ ಟ್ರೇಲರ್, ಇಬ್ಬರು ಜನ, ಶುದ್ಧ ನೀರಿನ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಚಳಿಗಾಲದಲ್ಲೂ ನಡೆದಾಡುವ ದಿನ ಒಬ್ಬರಿಗೆ ಕುಡಿಯಲು 4 ಲೀಟರ್ ಇಟ್ಟುಕೊಳ್ಳಿ. ಅಡುಗೆಯೂ ಸೇರಿ ಇಬ್ಬರಿಗೆ ದಿನಕ್ಕೆ 10. ಪಾತ್ರೆ, ಕೈ, ಮುಖಕ್ಕೆ 6. ಟಾಯ್ಲೆಟ್ ಫ್ಲಶ್‌ಗೆ 4. ಒಟ್ಟು 20 ಲೀಟರ್. ಇಷ್ಟು ಬಿಗಿ ಹಿಡಿದರೂ ಟ್ಯಾಂಕ್ ಎಂಟನೇ ದಿನ ಖಾಲಿ. ದಿನ ಬಿಟ್ಟು ದಿನ ಒಬ್ಬೊಬ್ಬರು 6 ಲೀಟರ್‌ನಲ್ಲಿ ಸ್ನಾನ ಮಾಡಿದರೆ ದಿನದ ಖರ್ಚು 26ಕ್ಕೆ ಏರುತ್ತದೆ, ಆರನೇ ದಿನವೇ ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ. 6 ಲೀಟರ್ ಸ್ನಾನವೆಂದರೆ ಮೈ ಒದ್ದೆ ಮಾಡಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ತೊಳೆದುಕೊಳ್ಳುವುದು. ಬಿಸಿ ನೀರು ಬರುವವರೆಗೆ ಪೈಪಿನಿಂದ ಬರುವ ತಣ್ಣೀರನ್ನು ಪಾತ್ರೆಯಲ್ಲಿ ಹಿಡಿದಿಟ್ಟು ಫ್ಲಶ್‌ಗೆ ಬಳಸಿ, ಅದನ್ನು ಹಾಗೇ ಹರಿಯಬಿಡಬೇಡಿ.

ಈಗ ಗ್ರೇ ಟ್ಯಾಂಕ್. ಕುಡಿದ ನೀರು ಅದಕ್ಕೆ ಹೋಗುವುದಿಲ್ಲ, ಸಿಂಕ್ ಮತ್ತು ಶವರ್‌ನದು ಹೋಗುತ್ತದೆ. ಸ್ನಾನವಿಲ್ಲದೆ 14 ದಿನಕ್ಕೆ 84 ಲೀಟರ್, ಸ್ನಾನ ಸೇರಿದರೆ 168. ಅದೂ 150 ಲೀಟರ್‌ನದಾದರೆ ಹದಿಮೂರನೇ ದಿನ ಶವರ್‌ನ ತೂತಿನಿಂದಲೇ ಕೊಳೆ ನೀರು ಮೇಲೆ ಬರುತ್ತದೆ, ಏಕೆಂದರೆ ಟ್ರೇಲರ್‌ನಲ್ಲಿ ತೀರ ಕೆಳಗಿರುವ ತೂತು ಅದೇ. 'ಬರೀ ಸೋಪು ನೀರು ತಾನೇ' ಅಂತ ವಾಲ್ವ್ ತೆರೆದು ನೆಲಕ್ಕೆ ಬಿಡುವುದು ಬೇಡವೇ ಬೇಡ. ಬಹಳ ಕಡೆ ಅದು ನಿಷಿದ್ಧ. ಅನ್ನದ ಅಗುಳು, ಎಣ್ಣೆ ಇರುವ ನೀರು ಇಲಿ, ಇರುವೆ, ನರಿಯಂಥ ಕಯೋಟಿಗಳನ್ನು ಕರೆಯುತ್ತದೆ, ಮುಂದೆ ಬರುವವರಿಗೆ ವಾಸನೆ ಉಳಿಸುತ್ತದೆ. ಪಾತ್ರೆ ತೊಳೆಯುವ ಮುಂಚೆ ಪೇಪರ್‌ನಿಂದ ಒರೆಸಿ, ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು ಸಿಂಪಡಿಸಿ ತೊಳೆದರೆ ಒಂದು ಹೊತ್ತಿನ ಪಾತ್ರೆಗೆ ಒಂದೂವರೆ ಲೀಟರ್ ಸಾಕು.

ಸ್ನಾನ ಬಿಟ್ಟು 14 ದಿನ ತುಂಬಿಸಲು 280 ಲೀಟರ್ ಬೇಕು. ಟ್ಯಾಂಕ್ ಕಳೆದರೆ 130, ಅಂದರೆ 20 ಲೀಟರ್‌ನ 7 ಕ್ಯಾನ್, 140 ಕಿಲೋ. ಇದನ್ನು ಟ್ರೇಲರ್‌ನ ಹಿಂಬದಿ ಬಂಪರ್ ರ‍್ಯಾಕ್ ಮೇಲೆ ಹೇರಿದರೆ ಟ್ರಕ್‌ಗೆ ಟ್ರೇಲರ್ ಸಿಕ್ಕಿಸುವ ಹಿಚ್ ಮೇಲಿನ ಭಾರ ಕಮ್ಮಿಯಾಗಿ ಹೈವೇ ಮೇಲೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಟ್ರಕ್‌ನ ಸಾಮಾನು ಹೇರುವ ಜಾಗದಲ್ಲಿ, ಕ್ಯಾಬ್‌ಗೆ ಒತ್ತಿ, ಕಟ್ಟಿಡಿ. ಇನ್ನೂ ಒಳ್ಳೆಯ ದಾರಿಯೆಂದರೆ ಟ್ರೇಲರ್ ಅಲ್ಲೇ ಬಿಟ್ಟು, ಟ್ರಕ್‌ನಲ್ಲಿ ಬ್ಲ್ಯಾಡರ್ ಎಂಬ ನೀರು ತುಂಬುವ ದೊಡ್ಡ ಚೀಲ ಹಾಕಿಕೊಂಡು ಊರಿಗೆ ಹೋಗಿ ತುಂಬಿಸಿ ತಂದು, 12 ವೋಲ್ಟ್ ಪಂಪ್‌ನಿಂದ ಏರಿಸುವುದು. ಟ್ಯಾಂಕ್ ಸೂಚಕ ದೀಪಗಳನ್ನು ಪೂರ್ತಿ ನಂಬಬೇಡಿ. ಟಾಯ್ಲೆಟ್‌ನದು ಸೇರುವ ಬ್ಲ್ಯಾಕ್ ಟ್ಯಾಂಕ್‌ನದಂತೂ ಒಳಗೆ ಕಾಗದ ಅಂಟಿ ಖಾಲಿಯಿದ್ದರೂ ಮುಕ್ಕಾಲು ಅಂತ ತೋರಿಸುತ್ತದೆ.

ಕರೆಂಟ್ ಕಥೆ ಇಷ್ಟು ಕಠಿಣವಲ್ಲ, ಆದರೂ ಒಂದು ಎಡವು ಜಾಗವಿದೆ. ರಾತ್ರಿ ಬ್ಯಾಟರಿ ತಿನ್ನುವುದು ಪ್ರೊಪೇನ್ ಹೀಟರ್‌ನ ಫ್ಯಾನ್. ಅದು ಸುಮಾರು 7 ಆಂಪಿಯರ್ ಎಳೆಯುತ್ತದೆ. 10 ಗಂಟೆಯ ರಾತ್ರಿಯಲ್ಲಿ 4 ಗಂಟೆ ಓಡಿದರೂ 28 ಆಂಪಿಯರ್-ಅವರ್. 100ರ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಹಾಗಾಗಿ ಬಳಸಲು ಸಿಗುವುದೇ 50. ಲಿಥಿಯಂನಲ್ಲಿ ಬಹುಪಾಲು ಪೂರ್ತಿ ಸಿಗುತ್ತದೆ, ಆದರೆ ಬ್ಯಾಟರಿಯೇ 0 ಡಿಗ್ರಿಗಿಂತ ತಣ್ಣಗಿದ್ದಾಗ ಅದನ್ನು ಚಾರ್ಜ್ ಮಾಡಬಾರದು. ಮರುಭೂಮಿಯ ಜನವರಿ ಬೆಳಗಿನಲ್ಲಿ ಈ ಸ್ಥಿತಿ ಬರುತ್ತದೆ. ಅರಿಜೋನಾದ ಕ್ವಾರ್ಟ್‌ಜೈಟ್ ಊರಿನ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನವೂ ಸೂರ್ಯ 33 ಡಿಗ್ರಿಗಿಂತ ಮೇಲೇರುವುದಿಲ್ಲ. ಚಾವಣಿ ಮೇಲೆ ಚಪ್ಪಟೆ ಮಲಗಿಸಿದ ಪ್ಯಾನೆಲ್‌ಗೆ ನೇರ ಬಿಸಿಲಿನ ಅರ್ಧವಷ್ಟೇ ಸಿಗುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಎತ್ತಿ ನಿಲ್ಲಿಸಿ, ಏಸಿ ಪೆಟ್ಟಿಗೆಯ ನೆರಳು ಬೀಳದಂತೆ ನೋಡಿಕೊಳ್ಳಿ. ಗ್ಯಾಸಿನ ಫ್ರಿಜ್ ಇದ್ದರೆ ಟ್ರೇಲರ್ ಮಟ್ಟವಾಗಿ ನಿಲ್ಲಲೇಬೇಕು. ಒಳಗಿನ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಹರಿಯುವಂಥದ್ದು, ವಾಲಿದರೆ ಅಲ್ಲೇ ನಿಂತು ಬಾಯ್ಲರ್ ಸುಡುತ್ತದೆ.

ಜಾಗ ಹುಡುಕುವಾಗ ಟ್ರೇಲರ್ ಕಳಚಿಟ್ಟು ಮುಂದಿನ ದಾರಿಯನ್ನು ಬರೀ ಟ್ರಕ್‌ನಲ್ಲಿ, ಕೊನೆಯ ಒಂದಷ್ಟು ದೂರ ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ನೋಡಬೇಕಾದ್ದು ಮೂರು: ತಿರುಗಿಸಲು ಜಾಗ, ಮೃದು ಮರಳು, ಒಣ ಹಳ್ಳ ದಾಟುವಾಗಿನ ತಗ್ಗು. ಉದ್ದದ ಟ್ರೇಲರ್‌ನ ಹಿಂಬದಿ ಆ ತಗ್ಗಿನಲ್ಲಿ ನೆಲ ಉಜ್ಜುತ್ತದೆ, ಮೊದಲು ಮುರಿಯುವುದು ಅಲ್ಲೇ ಕೆಳಗೆ ಇಳಿಬಿದ್ದ ಡ್ರೈನ್ ಪೈಪು. ಮರಳಿನಲ್ಲಿ ಚಕ್ರ ಸುತ್ತತೊಡಗಿದರೆ ಆ ಕ್ಷಣವೇ ನಿಲ್ಲಿಸಿ. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಆಕ್ಸಲ್ ಹೂತುಹೋಗುತ್ತದೆ. ಟ್ರಕ್ ಟೈರ್ ಗಾಳಿ 20–25 ಪಿಎಸ್ಐಗೆ ಇಳಿಸಿ, ಮುಂದಿನ ಮರಳು ತೋಡಿ, ನಿಧಾನ ಹೊರಬನ್ನಿ. ಡಾಂಬರು ಸೇರುವ ಮುಂಚೆ ಕಂಪ್ರೆಸರ್‌ನಿಂದ ಮತ್ತೆ ತುಂಬಿಸದಿದ್ದರೆ ಟೈರ್‌ನ ಪಕ್ಕೆ ಬಿಸಿಯಾಗಿ ಒಡೆಯುತ್ತದೆ. ಒಣ ಹಳ್ಳದ ಪಾತ್ರ ಎಷ್ಟೇ ನುಣುಪಾಗಿ ಕಂಡರೂ ಅಲ್ಲಿ ತಂಗಬೇಡಿ. ಮಳೆ ಎಲ್ಲೋ ದೂರದ ಬೆಟ್ಟದಲ್ಲಿ ಸುರಿದು, ನಿಮ್ಮ ತಲೆಮೇಲೆ ನೀಲಿ ಆಕಾಶವಿರುವಾಗಲೇ ನೀರು ಬರಬಹುದು.

ಈಗಾಗಲೇ ಸವೆದ ಜಾಗದಲ್ಲೇ ನಿಲ್ಲಿಸಿ. ಒತ್ತೊತ್ತಾಗಿ ಕೂತ ಕಪ್ಪು ಕಲ್ಲುಗಳ ಹಾಸು, ಸೂಕ್ಷ್ಮಜೀವಿಗಳು ಕಟ್ಟಿದ ಗಂಟುಗಂಟಾದ ಕಪ್ಪು ಮಣ್ಣಿನ ಪದರ, ಇವೆರಡೂ ಒಂದೇ ಸಲದ ಚಕ್ರಕ್ಕೆ ಮುರಿದು ದಶಕಗಳವರೆಗೆ ಗುರುತು ಉಳಿಸಿಕೊಳ್ಳುತ್ತವೆ. ಭೂಮಿ ಯಾರದು ಎಂದು ತೋರಿಸುವ ನಕ್ಷೆಯನ್ನು ಫೋನಿನಲ್ಲಿ ಆಫ್‌ಲೈನ್ ಇಳಿಸಿಕೊಳ್ಳಿ. ಅರಿಜೋನಾ ರಾಜ್ಯದ ಕೈಯಲ್ಲಿರುವ ಸ್ಟೇಟ್ ಟ್ರಸ್ಟ್ ಭೂಮಿ ನೋಡಲು ಬಿಎಲ್ಎಂ ಭೂಮಿಯ ಹಾಗೇ ಇರುತ್ತದೆ, ಆದರೆ ಅಲ್ಲಿ ಪರ್ಮಿಟ್ ಬೇಕು. ಪ್ರಾಣಿ, ದನ ನೀರು ಕುಡಿಯುವ ಗುಂಡಿ ಅಥವಾ ತೊಟ್ಟಿಗೆ ಅಡ್ಡವಾಗುವಂತೆ ಕಾಲು ಮೈಲಿ ಒಳಗೆ ಬಿಡಾರ ಹೂಡುವುದೂ ಅರಿಜೋನಾದಲ್ಲಿ ಅಪರಾಧ.

ನಡೆದಾಡಲು ಕ್ವಾರ್ಟ್‌ಜೈಟ್‌ನ ದಕ್ಷಿಣಕ್ಕಿರುವ ಕೋಫಾ ವನ್ಯಜೀವಿ ಧಾಮ ಬಹಳ ಒಳ್ಳೆಯ ಜಾಗ. 1939ರಲ್ಲಿ ಮರುಭೂಮಿಯ ಬಿಗ್‌ಹಾರ್ನ್ ಕುರಿಗಳಿಗಾಗಿ ಆದದ್ದು, ಹೆಸರು ಹಳೆಯ 'ಕಿಂಗ್ ಆಫ್ ಅರಿಜೋನಾ' ಚಿನ್ನದ ಗಣಿಯಿಂದ ಬಂದದ್ದು. ಇಲ್ಲಿ ಬಿಎಲ್ಎಂ ನಿಯಮ ನಡೆಯುವುದಿಲ್ಲ: 12 ತಿಂಗಳಲ್ಲಿ 14 ದಿನ ಮಾತ್ರ, ವಾಹನ ಗೊತ್ತುಮಾಡಿದ ರಸ್ತೆಯಿಂದ 100 ಅಡಿಯೊಳಗೇ ಇರಬೇಕು. ಪಾಮ್ ಕ್ಯಾನ್ಯನ್ ಹಾದಿ ಒಂದು ಕಡೆಗೆ ಅರ್ಧ ಮೈಲಿಯಷ್ಟೇ, ಆದರೆ ಕಲ್ಲು ಜಾರುತ್ತದೆ. ಬಂಡೆಯ ಸೀಳಿನೊಳಗೆ ಕಾಡುತಾಳೆಗಳು ನಿಂತಿವೆ. ನಡು ಮಧ್ಯಾಹ್ನ ಬಿಟ್ಟರೆ ಆ ಸೀಳು ನೆರಳಿನಲ್ಲೇ ಇರುತ್ತದೆ, ಹೊತ್ತು ನೋಡಿ ಹೊರಡಿ.

ದೊಡ್ಡ ನಡಿಗೆಗೆ ನೀರಿನ ಮೂರನೇ ಒಂದು ಭಾಗ ಮುಗಿದಾಗಲೇ ತಿರುಗಿ, ಉಪ್ಪಿನ ತಿಂಡಿ ಜೊತೆಗಿರಲಿ. ಬರೀ ನೀರನ್ನೇ ಗಂಟೆಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಅದನ್ನು ನೀರು ಸಾಲದ್ದು ಅಂತ ತಪ್ಪು ತಿಳಿದು ಜನ ಇನ್ನೂ ಕುಡಿಯುತ್ತಾರೆ. ಫೋನ್ ಸಿಗ್ನಲ್ ನೆಚ್ಚಿಕೊಳ್ಳದೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಒಯ್ಯಿರಿ. ಹಳೆಯ ಗಣಿಯ ಬಾಯೊಳಗೆ ಇಣುಕಲೂ ಹೋಗಬೇಡಿ.

ಜೇಬಿನಲ್ಲಿ ಒಂದು ಬಾಚಣಿಗೆ ಇರಲೇಬೇಕು. ಚೊಯಾ ಕಳ್ಳಿಯ ತುಂಡು ತಗುಲಿದರೆ ಸಾಕು, ಗಿಡದಿಂದ ಕಳಚಿ ಕಾಲಿಗೆ ಅಂಟುತ್ತದೆ. ಪ್ರತಿ ಮುಳ್ಳಿನ ಮೇಲೂ ಹಿಂದಕ್ಕೆ ಬಾಗಿದ ಸೂಕ್ಷ್ಮ ಹುರುಪೆಗಳು, ಹಾಗಾಗಿ ಹೋಗುವಾಗ ಸಲೀಸು, ಬರುವಾಗ ಚರ್ಮವನ್ನೇ ಎಳೆಯುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಹತ್ತಿಕೊಳ್ಳುತ್ತದೆ. ಬಾಚಣಿಗೆಯ ಹಲ್ಲುಗಳನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ, ಯಾರೂ ಇಲ್ಲದ ಕಡೆಗೆ ಒಂದೇ ಏಟಿಗೆ ಚಿಮ್ಮಿಸಿ. ಉಳಿದ ಒಂಟಿ ಮುಳ್ಳುಗಳನ್ನು ಇಕ್ಕಳದಿಂದ ನೇರ ಎಳೆಯಿರಿ.

ವಾಹನ ಹೊರಡಿಸುವ ಮುಂಚೆ ಕೆಳಗೆ ಬಗ್ಗಿ ನೋಡಿ. ಮೊಹಾವಿ ಕಡೆ ಮರುಭೂಮಿ ಆಮೆ ನೆರಳಿಗೆ ಬಂದು ಕೂತಿರಬಹುದು. ಎತ್ತಬೇಡಿ, ತಾನಾಗಿ ಹೋಗುವವರೆಗೆ ಕಾಯಿರಿ. ಹೆದರಿದರೆ ಅದು ಬರಗಾಲಕ್ಕೆಂದು ಮೂತ್ರಕೋಶದಲ್ಲಿ ಕೂಡಿಟ್ಟ ನೀರನ್ನು ಚೆಲ್ಲಿಬಿಡುತ್ತದೆ, ಆಮೇಲೆ ಸಾಯಲೂಬಹುದು. ಬಾನೆಟ್ ಒಳಗೂ ನೋಡಿ, ಪ್ಯಾಕ್‌ರ‍್ಯಾಟ್ ಇಲಿ ಒಂದೇ ರಾತ್ರಿಯಲ್ಲಿ ಕಡ್ಡಿ, ಕಳ್ಳಿ ತಂದು ತುಂಬಿ ವೈರ್ ಕಡಿದಿರುತ್ತದೆ. ರಾತ್ರಿಯಿಡೀ ಬಾನೆಟ್ ಎತ್ತಿಟ್ಟರೆ ಕತ್ತಲ ಗೂಡು ಸಿಗದೆ ಅದರ ಕಾಟ ಕಮ್ಮಿಯಾಗುತ್ತದೆ.

ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಮೊದಲು ಬ್ಲ್ಯಾಕ್ ಟ್ಯಾಂಕ್ ಬಿಡಿ, ಆಮೇಲೆ ಗ್ರೇ. ಸೋಪು ನೀರೇ ಹೋಸ್ ತೊಳೆದುಕೊಡುತ್ತದೆ. ಕ್ಯಾಂಪಿನಲ್ಲಿರುವಷ್ಟು ದಿನವೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಲಿ, ತುಂಬಿದ ಮೇಲೆ ಒಮ್ಮೆಗೇ ಬಿಟ್ಟರೆ ಗಟ್ಟಿ ಪದಾರ್ಥ ನೀರಿನ ಜೊತೆ ಹೊರಟುಹೋಗುತ್ತದೆ. ಆ ಹೋಸ್ ಮತ್ತು ಕೈಗವಸನ್ನು ಮುಚ್ಚಳವಿರುವ ಬೇರೆ ಡಬ್ಬದಲ್ಲಿಡಿ, ಕುಡಿಯುವ ನೀರಿನ ಹೋಸ್ ಅದರ ಹತ್ತಿರವೂ ಸುಳಿಯಬಾರದು.