ಅವ್ವನ ನೀಲಿ ಚೀಟಿ, ಮಾವನ ಮೂರು ಗಾಲಿ

ಕ್ಯಾಲಿಫೋರ್ನಿಯಾದ ವಾಹನ ಇಲಾಖೆ ಡಿಎಂವಿಯಿಂದ ಬಂದ ಲಕೋಟೆಯನ್ನು ಅವ್ವ ತಾನೇ ಒಡೆದು ನೋಡಿ, ಏನೂ ಮಾತಾಡದೆ ಫ್ರಿಜ್ಜಿನ ಮೇಲೆ ಶೇಂಗಾ ಚಟ್ನಿಪುಡಿ ಡಬ್ಬಿಯ ಹಿಂದೆ ಸರಿಸಿಟ್ಟಿದ್ದಳು. ಒಳಗಿದ್ದದ್ದು ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಗಾಡಿ ನಿಲ್ಲಿಸಲು ಕಾರಿನ ಕನ್ನಡಿಗೆ ತೂಗುಹಾಕುವ ನೀಲಿ ಪ್ಲಕಾರ್ಡು. ಗಾಲಿಕುರ್ಚಿಯ ಬಿಳಿ ಚಿತ್ರ, ಒಂದು ನಂಬರು, ಅವಧಿ ಮುಗಿಯುವ ವರ್ಷ, ಇಷ್ಟೇ. ಸಂಜೆ ನನ್ನ ಕಣ್ಣಿಗೆ ಬಿದ್ದಾಗ ಕೇಳಿದೆ. ಉತ್ತರ ಸಿದ್ಧವಿತ್ತು.

"ಇದನ್ನ ಗಾಡಿಗೆ ಕಟ್ಟಿದ್ರ ನಾ ಆ ಗಾಡಿ ಹತ್ತಂಗಿಲ್ಲ. ಮೊಣಕಾಲು ನೋಯ್ತಾವ, ಖರೆ. ಅಷ್ಟಕ್ಕ ಡಂಗುರ ಸಾರೂದೇನೈತಿ?"

ನಾವಿರುವ ಈ ಫ್ರಿಮಾಂಟಿನಲ್ಲಿ ಡಂಗುರ ಕೇಳೋರು ಯಾರು ಅಂತ ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಲೆಕ್ಕದಲ್ಲಿ ಬೆಟಗೇರಿಯ ಓಣಿ ಅವಳ ಬೆನ್ನಿಗೇ ಬಂದಿದೆ. ಯಾರದೋ ವಾಟ್ಸ್‌ಆ್ಯಪ್ ಫೋಟೊದ ಮೂಲೆಯಲ್ಲಿ ಈ ನೀಲಿ ಚೀಟಿ ಕಂಡರೆ ಸಾಕು, "ಅಕ್ಕಾರಿಗೆ ಅಮೆರಿಕಾಕ್ಕ ಹೋಗಿ ಕಾಲು ಹೋದ್ವಂತ" ಅಂತ ಮಾರನೇ ದಿನ ಗದಗಿನ ತೋಂಟದಾರ್ಯ ಮಠದವರೆಗೂ ಸುದ್ದಿ ಹೋಗುತ್ತದೆ ಅನ್ನೋದು ಅವಳ ಭಯ. ಪೂರ್ತಿ ಸುಳ್ಳು ಭಯ ಅಂತ ನಾನೂ ಹೇಳಲಾರೆ.

ಚೀಟಿ ಸುಮ್ಮನೆ ಬಂದದ್ದಲ್ಲ. ಅರ್ಜಿಯಲ್ಲಿ ಡಾಕ್ಟರ್ ತುಂಬಬೇಕಾದ ಭಾಗವೊಂದಿದೆ. ಯಾವ ತೊಂದರೆ, ಕಾಯಮ್ಮೋ ತಾತ್ಪೂರ್ತಿಕವೋ ಅಂತ ಅವರು ಬರೆದು ಸಹಿ ಮಾಡಬೇಕು. ಕಾಲು ಮುರಿದುಕೊಂಡವರಿಗೆ ಸಿಗುವುದು ಕೆಂಪು ಚೀಟಿ, ಹೆಚ್ಚೆಂದರೆ ಆರು ತಿಂಗಳು, 6 ಡಾಲರ್ ಕಟ್ಟಬೇಕು. ಅವ್ವನಂಥ ಸವೆದ ಮೊಣಕಾಲಿನವರಿಗೆ ನೀಲಿ, ಅದು ಪುಕ್ಕಟೆ. ಕ್ಯಾಲಿಫೋರ್ನಿಯಾದ ನೀಲಿ ಚೀಟಿಗಳೆಲ್ಲ ಬೆಸ ಸಂಖ್ಯೆಯ ವರ್ಷದ ಜೂನ್ 30ಕ್ಕೆ ಒಟ್ಟಿಗೇ ಮುಗಿಯುತ್ತವೆ. ಇದರಲ್ಲಿ ನನಗೆ ಹಿಡಿಸಿದ್ದು ಒಂದೇ: ಚೀಟಿ ಕಾರಿನದಲ್ಲ, ಮನುಷ್ಯರದು. ಅವ್ವ ನನ್ನ ಕಾರಲ್ಲಿ ಕೂತರೂ ನಡೆಯುತ್ತದೆ, ಗೆಳತಿಯ ಕಾರಲ್ಲಿ ಕೂತರೂ ನಡೆಯುತ್ತದೆ. ಅವ್ವನನ್ನು ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಅದನ್ನು ತೂಗಿಸಿಕೊಂಡು ಅಂಗಡಿಗೆ ಹೋದರೆ ದಂಡ, 250ರಿಂದ 1000 ಡಾಲರ್.

ನಮ್ಮ ಪಕ್ಕದ ಮನೆಯವಳಿಗೆ ಈ ಚೀಟಿಯ ಗೊಡವೆ ಇಲ್ಲ. ಅವಳ ವ್ಯಾನಿನ ನಂಬರ್ ಪ್ಲೇಟಿನಲ್ಲೇ ಗಾಲಿಕುರ್ಚಿಯ ಗುರುತು ಅಚ್ಚಾಗಿದೆ. ಅಪಘಾತವಾದಾಗಿನಿಂದ ಬ್ಯಾಟರಿ ಕುರ್ಚಿಯ ಮೇಲಿರುವ ಹೆಣ್ಣುಮಗಳು. ಗುಂಡಿ ಒತ್ತಿದರೆ ವ್ಯಾನಿನ ಪಕ್ಕದ ಬಾಗಿಲು ಸರಿದು, ಒಂದು ಹಲಗೆ ನೆಲಕ್ಕೆ ಇಳಿಯುತ್ತದೆ. ಅವಳು ಕುರ್ಚಿ ಸಮೇತ ಒಳಗೆ ಹೋಗಿ ಸ್ಟೀರಿಂಗಿನ ಮುಂದೆ ಕುರ್ಚಿ ನಿಲ್ಲಿಸಿಬಿಡುತ್ತಾಳೆ. ಬ್ರೇಕು, ಎಕ್ಸಿಲರೇಟರು ಎಲ್ಲಾ ಕೈಗೇ. ಮೊದಮೊದಲು ಅವ್ವ ಕಿಟಕಿ ಪರದೆ ಸರಿಸಿ ಇದನ್ನು ನೋಡುತ್ತ ನಿಲ್ಲುತ್ತಿದ್ದಳು. ಆ ಪಕ್ಕದ ಮನೆಯವಳ ಮಗಳೂ ನನ್ನ ಮಗನೂ ಒಂದೇ ಶಾಲೆ.

ಹೋದ ತಿಂಗಳ ಒಂದು ಶನಿವಾರ ಇಂಡಿಯನ್ ಅಂಗಡಿಯಿಂದ ಚೀಲ ಹೊತ್ತು ಹೊರಗೆ ಬಂದರೆ, ಆ ತಾಯಿ-ಮಗಳು ತಮ್ಮ ವ್ಯಾನಿನ ಹತ್ತಿರ ಬಿಸಿಲಲ್ಲಿ ಕಾಯುತ್ತಿದ್ದರು. ಅವರ ವ್ಯಾನ್ ನಿಂತ ಜಾಗದ ಪಕ್ಕ ನೀಲಿ ಗೆರೆ ಎಳೆದ ಪಟ್ಟಿ ಇದೆಯಲ್ಲ, ಅದರ ಮೇಲೆ ಒಂದು ಕಾರು ನಿಂತಿತ್ತು. ನಾಲ್ಕೂ ಇಂಡಿಕೇಟರ್ ಮಿಣಮಿಣ. ಹಿಂದಿನ ಗಾಜಿನ ಮೇಲೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್. ನಮ್ಮವರೇ.

ಅವ್ವ ಅವನ ಪರ ವಹಿಸಿಕೊಂಡಳು. "ಎರಡು ನಿಮಿಷ ನಿಂದ್ರಿಸ್ಯಾನ, ಬರ್ತಾನ ಬಿಡು. ಅಷ್ಟಗಲ ಜಾಗ ಖಾಲಿ ಬಿಟ್ಟಾರ, ಯಾರಿಗೇನು ತ್ರಾಸು?"

ಮಕ್ಕಳ ಮುಂದೆ ಮಾತಾಡುವಾಗ ಎಚ್ಚರ ಬೇಕು. ನನ್ನ ಮಗ ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿಬಿಟ್ಟ. ಆ ಹುಡುಗಿಗೆ ಸಿಟ್ಟೇನೂ ಬರಲಿಲ್ಲ. ಗೊತ್ತಿಲ್ಲದವರಿಗೆ ಗಡಿಯಾರ ನೋಡಿ ಟೈಮು ಹೇಳಿದಷ್ಟೇ ಸಲೀಸಾಗಿ ಅಂದಳು: "ಅದು ಖಾಲಿ ಜಾಗ ಅಲ್ಲ. ಅದು ನಮ್ಮಮ್ಮನ ಬಾಗಿಲು."

ಮಗ ಅದನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಿದ. ಅಷ್ಟರಲ್ಲಿ ಆ ಮಹಾಶಯ ಕೊತ್ತಂಬರಿ ಕಟ್ಟು, ಸಮೋಸಾ ಪೊಟ್ಟಣ ಹಿಡಿದು ಓಡೋಡಿ ಬಂದು, "ಸಾರಿ ಸಾರಿ" ಅಂತ ಯಾರ ಮುಖವನ್ನೂ ನೋಡದೆ ಕಾರು ತೆಗೆದ. ಹಲಗೆ ಇಳಿಯಿತು, ಅವರು ಹೋದರು. ಅವ್ವ ಮನೆ ಬರುವವರೆಗೆ ತುಟಿ ಪಿಟಕ್ ಅನ್ನಲಿಲ್ಲ.

ರಾತ್ರಿ ಬಟ್ಟೆ ಮಡಚುತ್ತ ಕೂತಾಗ ಅವಳು ತೆಗೆದದ್ದು ತಮ್ಮನ ಮಾತು.

ನಮ್ಮ ಮಾವನಿಗೆ ಸಣ್ಣವನಿದ್ದಾಗ ಪೋಲಿಯೊ ಆಗಿ ಬಲಗಾಲು ಬತ್ತಿದೆ. ಅವರ ವಾರಿಗೆಯಲ್ಲಿ ಓಣಿಗೊಬ್ಬರಾದರೂ ಹಾಗೆ ಇದ್ದರು. 2014ರಲ್ಲಿ ದೇಶ ಪೋಲಿಯೊ ಮುಕ್ತ ಆಯಿತು ಅಂತ ಪೇಪರಿನಲ್ಲಿ ಬಂದ ದಿನ ಮಾವ ಆ ಪುಟ ಕತ್ತರಿಸಿ ಇಟ್ಟುಕೊಂಡ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ ಅವನದು. ಲಗ್ನಪತ್ರಿಕೆಯಿಂದ ಹಿಡಿದು ಪುರಾಣದವರೆಗೆ ಅವನ ಕೆಂಪು ಮಸಿ ದಾಟದೆ ಯಾವುದೂ ಅಚ್ಚಿಗೆ ಹೋಗುತ್ತಿರಲಿಲ್ಲ. ಕೆಲಸಕ್ಕೆ ಹೋಗಿಬರಲು ಸ್ಕೂಟರ್, ಹಿಂದಿನ ಚಕ್ರದ ಆಚೆ-ಈಚೆ ಒಂದೊಂದು ಸಣ್ಣ ಗಾಲಿ ಕೂಡಿಸಿದ್ದು. ಎಣಿಸಿದರೆ ನಾಲ್ಕು ಗಾಲಿ, ಆದರೂ ಊರೆಲ್ಲ ಅದನ್ನು ಮೂರು ಗಾಲಿ ಗಾಡಿ ಅಂತಲೇ ಕರೆಯೋದು. ಹಿಂದೆ ಕೆಂಪಕ್ಷರದಲ್ಲಿ "ಅಂಗವಿಕಲರ ವಾಹನ" ಅಂತ ಬರೆಸಿದ್ದ.

ಆ ಗಾಡಿಯ ಕಷ್ಟ ನೋಡಿದವರಿಗೇ ಗೊತ್ತು. ಕಾಯಿಪಲ್ಲೆ ಮಾರ್ಕೆಟ್ಟಿನ ಬಾಯಿಗೆ ಬೈಕುಗಳ ಸಾಲು, ಹ್ಯಾಂಡಲ್ಲಿಗೆ ಹ್ಯಾಂಡಲ್ಲು ತಾಗಿಸಿ. ಮಾವನ ಗಾಡಿ ಇಬ್ಬರ ಜಾಗ ತಿನ್ನುತ್ತದೆ. ಅವನು ಊರುಗೋಲು ಹಿಡಿದು ಒಳಗೆ ಹೋಗಿ ಬದನೆಕಾಯಿ ಕೊಂಡು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಗಾಡಿಯನ್ನು ಎತ್ತಿ ಗೋಡೆಗೆ ಒತ್ತಿರುತ್ತಾರೆ, ಖಾಲಿಯಾದ ಕಡೆ ಎರಡು ಬೈಕು ತೂರಿಸಿರುತ್ತಾರೆ. ಮಾವ ಎಡಗಡೆಯಿಂದಲೇ ಹತ್ತಬೇಕು. ಊರುಗೋಲು ಸೀಟಿಗೆ ಆನಿಸಿ, ಎಡಗಾಲ ಮೇಲೆ ನಿಂತು, ಬಲಗಾಲನ್ನು ಕೈಯಿಂದ ಎತ್ತಿ ಆಚೆ ಹಾಕಿ, ಆಮೇಲೆ ತಾನು ಕೂಡಬೇಕು. ಅದಕ್ಕೆ ಬೇಕಾದ ಎರಡು-ಮೂರು ಫೂಟು ಅಲ್ಲಿ ಉಳಿದಿರುವುದಿಲ್ಲ.

ಹಾಗಂತ ಗದಗಿನ ಮಂದಿ ಕೆಟ್ಟವರಲ್ಲ. ಅಲ್ಲೇ ಇದೆ ಗಂಟು. ಮಾವ ಬಂದು ನಿಂತನೆಂದರೆ ಚಹಾದಂಗಡಿಯಿಂದ ನಾಲ್ಕು ಮಂದಿ ಎದ್ದು ಬರುತ್ತಾರೆ. "ಬರ್ರಿ ಮಾಮಾ" ಅಂತ ರಟ್ಟೆಗೆ ಕೈ ಹಾಕಿ, ಚೀಲ ಕಸಿದುಕೊಂಡು, ಎತ್ತಿ ಕೂಡಿಸಿ, ಗಾಡಿಯನ್ನು ರಸ್ತೆಗೆ ತಂದು ಕಳಿಸುತ್ತಾರೆ. ಆ ನಾಲ್ವರಲ್ಲಿ ಬೈಕು ತೂರಿಸಿದವನೂ ಒಬ್ಬ ಇದ್ದಾನು. ಮಾವ ಎಲ್ಲರಿಗೂ ಶರಣು ಹೇಳಿ ಬರುತ್ತಿದ್ದ. ಮನೆಗೆ ಬಂದು ಅವ್ವನ ಮುಂದೆ ಮಾತ್ರ ಅನ್ನುತ್ತಿದ್ದನಂತೆ: "ಎತ್ತಿ ಕೂಡಸಾಕ ಎಂಟು ಕೈ ಬರ್ತಾವ ಅಕ್ಕಾ. ನಾನs ಹತ್ತಲಿ ಅಂತ ಎರಡು ಫೂಟು ಜಾಗ ಬಿಡಂಗಿಲ್ಲ."

ಅವ್ವನಿಗೆ ಆಗ ಇದು ತಮ್ಮನ ಗೊಣಗಾಟ ಅನಿಸಿತ್ತಂತೆ. ಮಂದಿ ಅಷ್ಟು ಪ್ರೀತಿಯಿಂದ ಮಾಡುವಾಗ ಇವನದೇನು ತಕರಾರು? ಈಗ ಆ ಹುಡುಗಿಯ ಮಾತು ಕೇಳಿದ ಮೇಲೆ ಬಟ್ಟೆ ಮಡಚುವುದು ಬಿಟ್ಟು ಕೂತಿದ್ದಳು.

ನಾನು ಹುಟ್ಟಿ ಬೆಳೆದ ಊರು ಎಂಥದ್ದು ಅಂತ ಇಲ್ಲಿಯವರಿಗೆ ಹೇಳುವಾಗ ನಾನು ಮೊದಲು ತೆಗೆಯೋದೇ ವೀರೇಶ್ವರ ಪುಣ್ಯಾಶ್ರಮದ ಮಾತು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ಗದ್ದಿಗೆ ಹಿಡಿದ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು. ಅಲ್ಲಿ ಕಲಿತು ಹಾರ್ಮೋನಿಯಂ, ತಬಲಾ ಹಿಡಿದು ಸ್ವಂತ ದುಡಿಮೆಗೆ ನಿಂತ ಅಂಧ ಮಕ್ಕಳಿಗೆ ಲೆಕ್ಕವಿಲ್ಲ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಜ್ಜಾರು ಲಿಂಗೈಕ್ಯರಾದಾಗ ಗದಗಿಗೆ ಹರಿದು ಬಂದ ಜನಸಾಗರ ಯಾರೂ ಮರೆಯುವಂಥದ್ದಲ್ಲ. ಅಂಥಾ ಊರು ನಮ್ಮದು. ಅಜ್ಜಾರಿಗೆ ತುಲಾಭಾರ ಮಾಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅದೇ ಊರಿನಲ್ಲಿ ಮಾವ ಪಿಂಚಣಿ ಕಾಗದ ಹಿಡಿದು ಹೋದರೆ ಕಚೇರಿ ಮಾಳಿಗೆಯ ಮೇಲೆ. ಸಾಹೇಬರು ಕೆಳಗೆ ಬರುವವರೆಗೆ ಕಟ್ಟೆಯ ಮೇಲೆ ಕೂತಿರಬೇಕು. ಬಂದ ಸಾಹೇಬರು ಚಹಾ ತರಿಸಿ ಕುಡಿಸುತ್ತಾರೆ, ಅದೂ ಖರೆ.

ಕಾಯ್ದೆ ಇಲ್ಲ ಅಂತೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ವಾಹನ ನಿಲ್ಲಿಸುವ ಜಾಗವೂ ಅವರಿಗೆ ಅನುಕೂಲವಾಗುವಂತೆ ಇರಬೇಕು ಅಂತ 41ನೇ ಕಲಮಿನಲ್ಲಿದೆ. ದೇಶಕ್ಕೆಲ್ಲ ಒಂದೇ ಆದ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡೂ ಇದೆ, ಮಾವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಾನೆ. ನಮ್ಮವರಿಗೆ ಮಾಡಲು ಬರುವುದಿಲ್ಲ ಅಂತಲೂ ಅಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ನೋಡಿ: ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ, ಮೆಟ್ಟಿಲೇ ಇಲ್ಲ. ಮಾವ ಮೊದಲ ಸಲ ಅದರಲ್ಲಿ ಧಾರವಾಡಕ್ಕೆ ಹೋದಾಗ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದೆ ಅಂತ ಫೋನ್ ಮಾಡಿ ಹೇಳಿದ್ದ. ರಸ್ತೆ ನಡುವಿನ ಆ ನಿಲ್ದಾಣ ಮುಟ್ಟುವುದೇ ಒಂದು ಪಂಚಾಯ್ತಿ ಅಂತಲೂ ಸೇರಿಸಿದ್ದ ಅನ್ನಿ.

ಇಲ್ಲಿಯವರು ಸತ್ಯ ಹರಿಶ್ಚಂದ್ರರು ಅಂದುಕೊಳ್ಳಬೇಡಿ. ಈ ನೀಲಿ ಚೀಟಿಗೆ ಮೀಟರ್ ದುಡ್ಡು ಕಟ್ಟಬೇಕಾಗಿಲ್ಲ, ಹಾಗಾಗಿ ಅದರ ಮೇಲೆ ಎಲ್ಲರ ಕಣ್ಣು. 2017ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಲೆಕ್ಕಪರಿಶೋಧಕರು ತಪಾಸಣೆ ಮಾಡಿದಾಗ, ನೂರು ದಾಟಿದ ಚೀಟಿದಾರರೇ ಸುಮಾರು 26,000 ಮಂದಿ ಪಟ್ಟಿಯಲ್ಲಿದ್ದರು. ಇಡೀ ರಾಜ್ಯದಲ್ಲಿ ನೂರು ದಾಟಿ ಬದುಕಿದ್ದವರೇ 8,000ದ ಆಸುಪಾಸು! ಸತ್ತ ಅಜ್ಜನ ಚೀಟಿಯಲ್ಲಿ ಮೊಮ್ಮಗ ಕಾರು ನಿಲ್ಲಿಸುವ ಕಲೆ ನಮ್ಮ ರೇಷನ್ ಕಾರ್ಡಿನವರಿಗಷ್ಟೇ ಗೊತ್ತು ಅಂದುಕೊಂಡಿದ್ದೆ.

ಆದರೂ ಮೋಸ ಮಾಡುವವನೂ ಆ ಗೆರೆಪಟ್ಟಿಯ ಮೇಲೆ ನಿಲ್ಲಿಸಲು ಹಿಂದೆಮುಂದೆ ನೋಡುತ್ತಾನೆ. ಅಮೆರಿಕಾದ 1990ರ ಅಂಗವಿಕಲರ ಕಾಯ್ದೆ ಬಂದ ಮೇಲೆ ಇದೆಲ್ಲ ಅಳತೆಗೆ ಇಳಿದಿದೆ. 25 ಗಾಡಿ ನಿಲ್ಲುವ ಅಂಗಳವಾದರೆ ಇಂಥ ಜಾಗ ಒಂದಾದರೂ ಇರಬೇಕು. ಮಾಮೂಲಿ ಕಾರಿನ ಪಕ್ಕದ ಪಟ್ಟಿ 5 ಅಡಿ. ಹಲಗೆ ಇಳಿಯುವ ವ್ಯಾನಿಗೆ 8 ಅಡಿ, ಇಲ್ಲವೇ ನಿಲ್ಲುವ ಜಾಗವನ್ನೇ ಅಗಲ ಮಾಡಬೇಕು. ಪಕ್ಕದ ಮನೆಯವಳು ಯಾರಿಗೂ ಥ್ಯಾಂಕ್ಸ್ ಹೇಳದೆ ಹಾಲು ತರುವುದು ಇದರಿಂದ. ಚಹಾದಂಗಡಿಯ ನಾಲ್ವರು ಇಲ್ಲಿಲ್ಲ. ಅವಳು ಬಿಸಿಲಲ್ಲಿ ಕಾಯುತ್ತಿದ್ದಾಗ ಎಷ್ಟೋ ಜನ ಪಕ್ಕದಲ್ಲೇ ಟ್ರಾಲಿ ತಳ್ಳಿಕೊಂಡು ಹೋದರು, ಒಬ್ಬರೂ ನಿಲ್ಲಲಿಲ್ಲ. ಗದಗಾಗಿದ್ದರೆ ಅಷ್ಟರಲ್ಲಿ ಆ ಕಾರನ್ನೇ ಎತ್ತಿ ಪಕ್ಕಕ್ಕಿಟ್ಟಿರುತ್ತಿದ್ದರು.

ಮುಂದಿನ ವಾರ ಅವ್ವ ಮಾವನಿಗೆ ವಿಡಿಯೊ ಕಾಲ್ ಮಾಡಿಸಿದಳು. ಎಲ್ಲಾ ಕತೆ ಹೇಳಿ, ಕೊನೆಗೆ ಚಟ್ನಿಪುಡಿ ಡಬ್ಬಿಯ ಹಿಂದಿನಿಂದ ಚೀಟಿ ತಂದು ಫೋನಿಗೆ ಹಿಡಿದು, "ನನಗೂ ಕೊಟ್ಟಾರ ನೋಡಪಾ ಸರಕಾರದೋರು, ಪುಗಸಟ್ಟೆ" ಅಂದಳು. ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. ಮಾವ ಚಾಳೀಸು ಏರಿಸಿ ಪ್ರೂಫ್ ನೋಡಿದ ಹಾಗೆ ಅದನ್ನು ಮೇಲಿಂದ ಕೆಳಗೆ ನೋಡಿದ. ಸಹಿ ಯಾರು ಹಾಕ್ತಾರ, ರೊಕ್ಕ ಎಷ್ಟು, ದಂಡ ಖರೇನ ಹಾಕ್ತಾರೋ ಬರೇ ಬೋರ್ಡೋ ಅಂತ ಒಂದೊಂದೇ ಕೇಳಿದ. ಚೀಟಿಗಿಂತ ಆ ಗೆರೆಪಟ್ಟಿಯ ಮೇಲೇ ಅವನ ಆಸಕ್ತಿ. ಫೋಟೊ ಕಳಿಸು ಅಂದ, ಕಳಿಸಿದೆ. ಅಳತೆ ಕೇಳಿದ, ಬರೆದೆ.

ಈಗ ಅವನು ನಗರಸಭೆಗೆ ಅರ್ಜಿ ಬರೆಯುತ್ತಿದ್ದಾನೆ. ಮಾರ್ಕೆಟ್ಟಿನ ಬಾಯಿಗೆ ಮೂರು ಗಾಲಿಯ ಎರಡು ಗಾಡಿಗೆ ಸಾಕಾಗುವಷ್ಟು ಜಾಗ, ಪಕ್ಕ ಗೆರೆ ಎಳೆದ ಪಟ್ಟಿ. ಅವನ ಮಗ, "ಬಣ್ಣ ಬಳದ್ರ ಮುಂದಿನ ಗಣಪತಿ ಪೆಂಡಾಲದ ತನಕ ಉಳೀತೈತಿ, ಅಷ್ಟs" ಅಂತ ಚಾಷ್ಟಿ ಮಾಡುತ್ತಾನಂತೆ. ಮಾವ ಕಿವಿಗೆ ಹಾಕಿಕೊಂಡಿಲ್ಲ. ಅಮೆರಿಕಾದ 5 ಅಡಿ, 8 ಅಡಿ ಎರಡೂ ತನಗೆ ಬೇಡವಂತೆ, ಗಾಡಿ ಅಂಗಳದಲ್ಲಿ ನಿಲ್ಲಿಸಿ, ಊರುಗೋಲು ಸಮೇತ ಹತ್ತಿ ಇಳಿದು ತಾನೇ ಟೇಪು ಹಿಡಿದಿದ್ದಾನೆ: ಮೂರು ಫೂಟು ಸಾಕು. ಆ ಮೂರು ಫೂಟು ಎಡಕ್ಕೇ ಇರಬೇಕು, ಬಲಕ್ಕೆ ಬಿಟ್ಟರೆ ಉಪಯೋಗವಿಲ್ಲ. ಟೈಪ್ ಮಾಡುವ ಹುಡುಗ ಅದನ್ನು "ಪಕ್ಕಕ್ಕೆ" ಅಂತ ಹೊಡೆದು ತಂದಿದ್ದನಂತೆ. ಮಾವ ಕೆಂಪು ಮಸಿಯಲ್ಲಿ ಅದನ್ನು ಹೊಡೆದುಹಾಕಿ, ಮೇಲೆ "ಎಡಕ್ಕೆ" ಅಂತ ಬರೆದು ವಾಪಸು ಕಳಿಸಿದ್ದಾನೆ.