ಮಳೆಗಾಲದಲ್ಲಿ ಮದ್ದಳೆ ರೆಕಾರ್ಡಿಂಗ್: ನಾಲ್ಕು ಹಾಡಿನ ಕೆಲಸ ಎಲ್ಲಿಗೆ ಬಂತು

ಎರಡು ಹಾಡು ಮುಗಿದಿವೆ. ಮೂರನೆಯದರ ಮಿಕ್ಸಿಂಗ್ ನಡೆಯುತ್ತಿದೆ. ನಾಲ್ಕನೆಯದಕ್ಕೆ ಚೆಂಡೆ ಬೇಕು, ಅದು ಇನ್ನೂ ಆಗಿಲ್ಲ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಹಾಡುಗಳು ನನ್ನವೇ. ದನಿ, ಹಾರ್ಮೋನಿಯಂ, ಮದ್ದಳೆ, ಇಷ್ಟೇ. ರೆಕಾರ್ಡಿಂಗ್ ಎಲ್ಲ ಉಡುಪಿ ಅಂಬಲಪಾಡಿಯ ನಮ್ಮ ಹಂಚಿನ ಮನೆಯಲ್ಲಿ, ಜಗಲಿಗೆ ತಾಗಿದ ಕೋಣೆಯಲ್ಲಿ. ಕೋಣೆಯ ಅಗಲ 8 ಅಡಿ, ಉದ್ದ 12. ಹಗಲು ಮಣಿಪಾಲದಲ್ಲಿ ಕೆಲಸ, ಸಂಜೆ ಬಂದ ಮೇಲೆ ಇದು. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಸಣ್ಣ ಇಂಟರ್‌ಫೇಸ್ (ಮೈಕ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಶೂರ್ ಎಸ್‌ಎಂ 58, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರ್ ರೀಪರ್. ಅದನ್ನು 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ನಮ್ಮಂಥವರಿಗೆ 60 ಡಾಲರ್. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಏನೂ ಬೇಡ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲೇ ಯಾಕೆ ಅಂತ ಕೇಳುವವರು ಇದ್ದಾರೆ. ಮದ್ದಳೆ ಬಾರಿಸುವವರು ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಮೇಳದವರು. ನವೆಂಬರ್‌ನಿಂದ ಮೇವರೆಗೆ ಅವರಿಗೆ ರಾತ್ರಿ ಆಟ, ಹಗಲು ನಿದ್ದೆ. ಮೇ ಕೊನೆಯ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆಯೇ ಅವರು ಸಿಗುವುದು. ಆಗಲೂ ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕರೆ ಇರುತ್ತದೆ, ಆದರೆ ಸಂಜೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಬರುತ್ತಾರೆ. ಅಂದರೆ ಕಲಾವಿದರು ಸಿಗುವ ಹೊತ್ತಿಗೇ ಸರಿಯಾಗಿ ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಊರು ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ನಿಲ್ಲಲಿ ಅಂತ ಕಾದರೆ ಮದ್ದಳೆ ಇಲ್ಲ. ಹಾಗಾಗಿ ಈ ಸಲ ಮಳೆಯ ಜೊತೆಗೇ ಕೆಲಸ ಮಾಡುವುದು ಅಂತ ತೀರ್ಮಾನ ಮಾಡಿದೆ. ಕೆಳಗಿನ ತಲೆಬರಹಗಳು ತುಳು ತಿಂಗಳುಗಳು, ಮೇ ನಡುವಿನ ಬೇಶದಿಂದ ಸೆಪ್ಟೆಂಬರ್ ನಡುವೆ ಮುಗಿಯುವ ಸೋಣದವರೆಗೆ.

ಬೇಶದ ಕೊನೆ

ಮದ್ದಳೆ ಬರುವ ಮೊದಲು ದನಿಗೆ ಜಾಗ ಹುಡುಕುವ ಕೆಲಸ. ನನ್ನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಕೋಣೆಯ ನಡುವೆ ನಿಂತು ಹಾಡಿದರೆ ಷಡ್ಜ ಬಂದಾಗಲೆಲ್ಲ ದನಿ ಉಬ್ಬುತ್ತಿತ್ತು, ರಿಷಭಕ್ಕೆ ಹೋದರೆ ಸರಿಯಾಗುತ್ತಿತ್ತು. ಹಾಡಿನಲ್ಲಿ ಅತಿ ಹೆಚ್ಚು ಬರುವ ಸ್ವರವೇ ಹೀಗೆ ಗುಮ್ಮೆಂದರೆ ಕೇಳಲು ಆಗುವುದಿಲ್ಲ.

ಇದರ ಲೆಕ್ಕ ಸುಲಭ. ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ಕೋಣೆಯ ಅಗಲ 8 ಅಡಿ, ಅಂದರೆ 2.44 ಮೀಟರ್. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬಂದು ತನ್ನನ್ನೇ ಹೆಚ್ಚಿಸಿಕೊಳ್ಳುವ ಮೊದಲ ಕಂಪನ 71 ಹರ್ಟ್ಜ್ ಹತ್ತಿರ, ಎರಡನೆಯದು ಅದರ ಎರಡು ಪಟ್ಟು, 143ರ ಹತ್ತಿರ. ಕಪ್ಪು ಒಂದರ ಷಡ್ಜ 138.6 ಹರ್ಟ್ಜ್. ಗೋಡೆ ಹೆಚ್ಚುಕಡಿಮೆ ನನ್ನ ಶ್ರುತಿಗೇ ಕೂತಿದೆ! ಮೊಟ್ಟೆಯ ಟ್ರೇ ಅಂಟಿಸಿ ಅಂತ ತುಂಬಾ ಜನ ಹೇಳುತ್ತಾರೆ. ತೆಳು ರಟ್ಟು ಇಷ್ಟು ಕೆಳಗಿನ ಶಬ್ದವನ್ನು ಹೀರುವುದಿಲ್ಲ. 143 ಹರ್ಟ್ಜ್‌ನ ಅಲೆಯ ಕಾಲು ಭಾಗವೇ 2 ಅಡಿ ಉದ್ದ. ಅದನ್ನು ಸರಿಯಾಗಿ ಹೀರಬೇಕಾದರೆ ಗೋಡೆಗೆ ಅಷ್ಟೇ ದಪ್ಪದ ಏನಾದರೂ ಬೇಕು. ಎಂಟಡಿಯ ಕೋಣೆಯಲ್ಲಿ ಅದನ್ನೆಲ್ಲಿ ಇಡುವುದು?

ಹೀರುವ ಬದಲು ತಪ್ಪಿಸಿಕೊಳ್ಳುವುದು ಸುಲಭ. ಈ ಎರಡನೇ ಕಂಪನ ಗೋಡೆಗಳ ಹತ್ತಿರ ಮತ್ತು ಕೋಣೆಯ ನಟ್ಟನಡುವೆ ಜೋರು. ಗೋಡೆಯಿಂದ ಅಗಲದ ಕಾಲು ಭಾಗ ದೂರದಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ನಮ್ಮ ಕೋಣೆಯಲ್ಲಿ ಅದು ಗೋಡೆಯಿಂದ ಸರಿಯಾಗಿ 2 ಅಡಿ. ಮೈಕ್ ಅಲ್ಲಿಟ್ಟೆ, ನಾನೂ ಅದೇ ಗೆರೆಯಲ್ಲಿ ಕೋಣೆಯ ಉದ್ದಕ್ಕೆ ಮುಖ ಮಾಡಿ ನಿಂತೆ. ಷಡ್ಜ ಉಳಿದ ಸ್ವರಗಳ ಜೊತೆ ಸಮಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲ. ಮನೆಯಲ್ಲಿ ಹಾಡುವವರೆಲ್ಲ ಮೈಕ್ ಬದಲಾಯಿಸುವ ಮೊದಲು ಟೇಪು ಹಿಡಿದು ತಮ್ಮ ಕೋಣೆಯನ್ನು ಒಮ್ಮೆ ಅಳೆಯಬೇಕು. ನಿಮ್ಮ ಶ್ರುತಿ ಬೇರೆ, ಗೋಡೆ ಬೇರೆ, ಜಾಗವೂ ಬೇರೆಯೇ ಬರುತ್ತದೆ.

ಮಾಡಿನ ಕಡೆಯಿಂದ ತೊಂದರೆ ಇಲ್ಲ. ಹಂಚಿನ ಮಾಡು ಇಳಿಜಾರು, ನೆಲಕ್ಕೆ ಸಮಾನಾಂತರವಾಗಿ ಇಲ್ಲ. ಮೂಲೆಯಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದ್ದೇನೆ, ಹಿಂದಿನ ಗೋಡೆಗೆ ದಪ್ಪ ಕಂಬಳಿ. ಮಾತಿನ ಕಟಕಟ ಪ್ರತಿಧ್ವನಿ ಹೋಗಲು ಇವು ಸಾಕು. ಮಳೆಗಾಲದಲ್ಲಿ ಹತ್ತಿಗೆ ಬೂಷ್ಟು ಹಿಡಿಯುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು. ಸ್ವಲ್ಪ ಬಿಸಿಲು ಕಂಡರೂ ಅಮ್ಮ ನನ್ನನ್ನು ಕೇಳದೆಯೇ ಅದನ್ನು ಅಂಗಳಕ್ಕೆ ಎಳೆದು ಹಾಕುತ್ತಾರೆ.

ಕಾರ್ತೆಲ್

ಮಳೆ ಹಿಡಿಯಿತು. ಹಂಚಿನ ಮೇಲಿನ ಮಳೆ ಅಷ್ಟು ತೊಂದರೆ ಕೊಡುವುದಿಲ್ಲ. ಹಂಚು ದಪ್ಪ, ಭಾರ, ಸದ್ದು ಮೆದು. ಕಷ್ಟ ಇರುವುದು ಬಚ್ಚಲಿನ ಮೇಲೆ ಹಾಕಿದ ತಗಡಿನ ಶೀಟಿನಿಂದ. ಹನಿ ಬಿದ್ದರೆ ಸಾಕು, ಇಡೀ ಶೀಟು ಕಂಪಿಸುತ್ತದೆ. ಆ ಸದ್ದಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳೂ ಇರುತ್ತವೆ. ಒಂದೆರಡು ಜಾಗವನ್ನು ಈಕ್ವಲೈಜರ್‌ನಲ್ಲಿ ತಗ್ಗಿಸಿದರೆ ಹೋಗುವಂಥದ್ದಲ್ಲ. ರೀಪರ್‌ನಲ್ಲಿ ಗದ್ದಲದ ಮಾದರಿ ಕೊಟ್ಟು ಅದನ್ನು ಕಳೆಯುವ ಉಪಾಯ ಇದೆ. ಫ್ಯಾನಿನ ಸದ್ದಿಗೆ ಅದು ಆಗುತ್ತದೆ. ಮಳೆ ಹಾಗಲ್ಲ, ಕ್ಷಣಕ್ಕೊಂದು ಜೋರು. ಜಾಸ್ತಿ ಕಳೆದರೆ ದನಿಯೇ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ.

ಪರಿಹಾರ ಅಂಗಳದಲ್ಲೇ ಇತ್ತು. ಬಿದ್ದ ತೆಂಗಿನ ಮಡಲುಗಳನ್ನು ಎರಡು ಪದರವಾಗಿ ಶೀಟಿನ ಮೇಲೆ ಹಾಸಿ ಹಗ್ಗ ಕಟ್ಟಿದೆವು. ಹನಿ ಮೊದಲು ಮಡಲಿಗೆ ಬೀಳುತ್ತದೆ, ಮಡಲಿನ ಭಾರಕ್ಕೆ ಶೀಟು ಕಂಪಿಸುವುದೂ ಕಡಿಮೆ. ಸಾಧಾರಣ ಮಳೆಯಲ್ಲಿ ಈಗ ಹಾರ್ಮೋನಿಯಂ ರೆಕಾರ್ಡ್ ಮಾಡಬಹುದು. ಜೋರು ಮಳೆಗೆ ಮಾತ್ರ ಯಾವ ಉಪಾಯವೂ ಇಲ್ಲ. ಆಗ ಸುಮ್ನೆ ಕೂತು ಸಾಹಿತ್ಯ ತಿದ್ದುವುದು.

ಮೈಕ್‌ನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಕರಾವಳಿಯವರಿಗೆ ಇದು ಬೇಕೇ ಬೇಕು. ಕಂಡೆನ್ಸರ್ ಮೈಕ್‌ನ ಒಳಗೆ ತುಂಬಾ ತೆಳುವಾದ ಪೊರೆ, ಅದರ ಹಿಂದೆ ಕೂದಲೆಳೆಯ ಅಂತರದಲ್ಲಿ ಒಂದು ಲೋಹದ ತಟ್ಟೆ. ನಡುವೆ ವಿದ್ಯುತ್ತಿನ ಚಾರ್ಜ್ ನಿಂತಿರಬೇಕು. ತೇವ ಕೂತರೆ ಆ ಚಾರ್ಜ್ ಸೋರಿಹೋಗುತ್ತದೆ, ಹಾಡಿನ ನಡುವೆ ಚಟ್ ಚಟ್ ಎಂದು ಕೇಳುತ್ತದೆ. ಆಗ ಮೈಕ್ ಹಾಳಾಯಿತು ಅಂತ ಗಾಬರಿಯಾಗಬೇಡಿ, ಹೆಚ್ಚಿನ ಸಲ ಒಣಗಿದರೆ ಸರಿಯಾಗುತ್ತದೆ. ನನ್ನದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತದೆ, ಹಾಡುವ ಹೊತ್ತಿಗೆ ಮಾತ್ರ ಹೊರಗೆ. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ನೀರು ಕುಡಿದಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ಎಸ್‌ಎಂ 58ಕ್ಕೆ ಈ ಉಪಚಾರ ಯಾವುದೂ ಬೇಡ. 1966ರಲ್ಲಿ ಬಂದ ಮೈಕ್, ಒಳಗಿರುವುದು ಸುರುಳಿ ಮತ್ತು ಅಯಸ್ಕಾಂತ. ಯಕ್ಷಗಾನದ ರಂಗಸ್ಥಳದಲ್ಲಿ, ಮದುವೆ ಹಾಲ್‌ನಲ್ಲಿ ಇಬ್ಬನಿಗೂ ಬೆವರಿಗೂ ಜಗ್ಗದೆ ದುಡಿಯುವುದು ಇದೇ ಜಾತಿಯ ಮೈಕ್. ಗಾಳಿಯಲ್ಲಿ ತೇವ ತುಂಬಾ ಇದ್ದ ಸಂಜೆಗಳಲ್ಲಿ ನಾನು ಅದರಲ್ಲೇ ಹಾಡಿದ್ದೇನೆ. ಎರಡನೇ ಹಾಡಿನ ಪಲ್ಲವಿ ಪೂರ್ತಿ ಅದರದ್ದು.

ಆಟಿ

ಮದ್ದಳೆ ಬಂತು! ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದು.

ಮದ್ದಳೆ ಬಾರಿಸುವವರನ್ನು ನಾನು ಕರೆಯುವುದು ಅಣ್ಣ ಅಂತ. ಅಣ್ಣ ಬಂದವರು ಮೊದಲು ಕೇಳಿದ್ದೇ, "ಒಲೆ ಉಂಟಾ?" ಅಂತ. ಚರ್ಮ ಗಾಳಿಯ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಅಡುಗೆಮನೆಯಲ್ಲಿ ಒಲೆಯಿಂದ ಮಾರು ದೂರ ಮದ್ದಳೆ ಇಟ್ಟು, ಕಾಫಿ ಕುಡಿಯುತ್ತಾ, ಆಗಾಗ ತಿರುಗಿಸಿ ಕೂತರು. ಆಮೇಲೆ ಸಣ್ಣ ಸುತ್ತಿಗೆಯಿಂದ ಬಲ ಮುಚ್ಚಿಗೆಯ (ಚರ್ಮದ ಮುಖದ) ಅಂಚನ್ನು ಸುತ್ತ ತಟ್ಟುತ್ತಾ ಕಪ್ಪು ಒಂದಕ್ಕೆ ತಂದರು. ಟ್ಯೂನರ್ ಆ್ಯಪ್ ತೋರಿಸಿದೆ. ನೋಡಲಿಲ್ಲ, ಹಾರ್ಮೋನಿಯಂ ಒತ್ತಲು ಹೇಳಿದರು. ಅವರ ಕಿವಿ ನಿಂತ ಜಾಗದಲ್ಲೇ ಆ್ಯಪಿನ ಮುಳ್ಳೂ ನಿಂತಿತ್ತು.

ಎರಡನೇ ಚರಣದ ಹೊತ್ತಿಗೆ ಅವರೇ ಕೈ ಎತ್ತಿ ನಿಲ್ಲಿಸಿದರು. "ಎಂತ ಮಾರಾಯ, ಇಳೀತಾ ಉಂಟಲ್ಲ, ನಿನಗೆ ಕೇಳುದಿಲ್ವಾ?" ನನಗೂ ಕೇಳಿತ್ತು, ಅವರಿಗೆ ಹೇಳಲು ಸಂಕೋಚ. ಹಾರ್ಮೋನಿಯಂನ ರೀಡ್ ಲೋಹದ್ದು, ಅದು ಇಳಿಯುವುದಿಲ್ಲ. ಇಳಿದ ಮದ್ದಳೆ ಅದರ ಪಕ್ಕ ತಕ್ಷಣ ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ಪಲ್ಲವಿ ಬೇರೆ, ಒಂದೊಂದು ಚರಣ ಬೇರೆ ಅಂತ ತುಂಡು ತುಂಡಾಗಿ ತೆಗೆದೆವು, ಪ್ರತಿ ತುಂಡಿಗೂ ಶ್ರುತಿ ಮಾಡಿಕೊಂಡು. ಇಳಿದ ಮದ್ದಳೆಯನ್ನು ಸಾಫ್ಟ್‌ವೇರ್‌ನಲ್ಲಿ ಏರಿಸಲು ಆಗುತ್ತದೆ. ಆದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಮದ್ದಳೆಯ ಸೊಗಸೆಲ್ಲ ಆ ಮೊನೆಯಲ್ಲೇ ಇರುವುದು, ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಲಯಕ್ಕೆಂದು ಸಾಫ್ಟ್‌ವೇರ್ ಕೊಡುವ ಟಿಕ್ ಟಿಕ್ ಕ್ಲಿಕ್ ಕೇಳಿಸಿಕೊಂಡು ಬಾರಿಸುವುದು ಅವರಿಗೆ ಹಿಡಿಸಲಿಲ್ಲ, ಅದು ಸರಿಯೇ. ಭಾಗವತರ ತಾಳ ಮತ್ತು ದನಿಯನ್ನು ನೋಡಿ ಬಾರಿಸುವವರು ಅವರು. ಹಾಗಾಗಿ ನಾನು ಮೊದಲೇ ತಾಳ ಹಾಕುತ್ತಾ ಒಂದು ಕಚ್ಚಾ ಹಾಡು ರೆಕಾರ್ಡ್ ಮಾಡಿ ಅದನ್ನು ಹೆಡ್‌ಫೋನ್‌ನಲ್ಲಿ ಕೊಟ್ಟೆ. ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಶಬ್ದದ ತುಂಡು, 128 ಸ್ಯಾಂಪಲ್‌ಗೆ ಇಳಿಸಿದ್ದೆ. 48 ಕಿಲೋಹರ್ಟ್ಜ್‌ನಲ್ಲಿ ಅದು 2.7 ಮಿಲಿಸೆಕೆಂಡ್. ಹೋಗಿ ಬರುವ ಲೆಕ್ಕ ಹಿಡಿದರೆ ತಡ ಅದಕ್ಕಿಂತ ಜಾಸ್ತಿಯೇ. ಇಂಟರ್‌ಫೇಸ್‌ನಲ್ಲಿ ನೇರ ಕೇಳುವ ಗುಂಡಿ ಇದ್ದದ್ದರಿಂದ ಅವರ ಮದ್ದಳೆ ಅವರಿಗೆ ತಡವಿಲ್ಲದೆ ಕೇಳುತ್ತಿತ್ತು.

ಮೈಕ್ ಒಂದೇ. ಎರಡು ಮುಖಕ್ಕೆ ಎರಡು ಮೈಕ್ ಹತ್ತಿರ ಹತ್ತಿರ ಇಟ್ಟು ನೋಡಿದೆವು. ಬಲದ ಪೆಟ್ಟು ಎಡದ ಮೈಕ್‌ಗೆ ಸ್ವಲ್ಪ ತಡವಾಗಿ ತಲುಪುತ್ತದೆ, ಎರಡನ್ನೂ ಕೂಡಿಸಿದಾಗ ದನಿ ತೆಳುವಾಗುತ್ತದೆ. ಒಂದೇ ಕಂಡೆನ್ಸರ್ ಅನ್ನು ಎದುರಿಗೆ 2 ಅಡಿ ದೂರ, ಕಳಸಿಗೆಯ (ಮದ್ದಳೆಯ ಮರದ ಒಡಲಿನ) ನಡುವಿಗೆ ನೇರವಾಗಿ, ಸ್ವಲ್ಪ ಮೇಲಿಂದ ಇಟ್ಟಾಗ ಎಡದ ಗುಂಕಾರವೂ ಬಲದ ನಾದವೂ ಎದುರು ಕೂತು ಕೇಳಿದ ಹದಕ್ಕೆ ಬಂದವು. ಹತ್ತಿರಕ್ಕೆ ತಂದರೆ ಬೆರಳಿನ ಸದ್ದು, ದೂರಕ್ಕೆ ಒಯ್ದರೆ ಕೋಣೆಯ ಸದ್ದು. ಮಟ್ಟವನ್ನು -12 ಡೆಸಿಬೆಲ್ ದಾಟಲು ಬಿಡಲಿಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ಕೆಂಪಿನ ಹತ್ತಿರ ಹೋಗಬೇಕಾಗಿಯೇ ಇಲ್ಲ. ಹುರುಪು ಬಂದಾಗ ಅಣ್ಣನ ಕೈ ಎಷ್ಟು ಏರುತ್ತದೆ ಎಂಬುದು ಮೊದಲೇ ಗೊತ್ತಾಗುವುದಿಲ್ಲ, ಅದಕ್ಕೆ ಜಾಗ ಬಿಡಬೇಕು.

ಇನ್ನೊಂದು ಮಾತು. ಮೊದಲ ಹಾಡಿನ ಮದ್ದಳೆ ಪೂರ್ತಿ ಕರೆಂಟ್ ಇಲ್ಲದ ಹೊತ್ತಿನದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಇಂಟರ್‌ಫೇಸ್‌ಗೂ ಮೈಕ್‌ನ 48 ವೋಲ್ಟ್‌ಗೂ ಅದೇ ಬ್ಯಾಟರಿ. ಕರೆಂಟ್ ಜೊತೆಗೇ ಚಾರ್ಜರಿನಿಂದ ಬರುತ್ತಿದ್ದ 50 ಹರ್ಟ್ಜ್‌ನ ಗುಂಯ್ ಹೋಯಿತು. ನಮ್ಮ ಫ್ರಿಜ್ ಇಲ್ಲ, ಪಕ್ಕದ ಮನೆಯ ಪಂಪ್ ಇಲ್ಲ, ಯಾರ ಟಿವಿಯೂ ಇಲ್ಲ. ಹೈವೇ 66ರ ಬಸ್ಸಿನ ಹಾರ್ನ್ ಒಂದು ಉಳಿಯಿತು, ಅದು ಎರಡು ತುಂಡಿನ ನಡುವೆ ಬಿತ್ತು. ಈಗ ಕರೆಂಟ್ ಇದ್ದರೂ ಚಾರ್ಜರ್ ತೆಗೆದೇ ರೆಕಾರ್ಡ್ ಮಾಡುತ್ತೇನೆ. ಅಮ್ಮ ಫ್ರಿಜ್ ಆಫ್ ಮಾಡಿ ಅದರ ಮೇಲೆ ತಮ್ಮ ಕನ್ನಡಕ ಇಡುತ್ತಾರೆ. ಕನ್ನಡಕ ಹುಡುಕುವಾಗ ಫ್ರಿಜ್ ಆನ್ ಮಾಡುವುದು ನೆನಪಾಗಬೇಕು ಅಂತ.

ಸೋಣ

ಮಿಕ್ಸಿಂಗ್. ದನಿಗೆ 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದ್ದೇನೆ, ಅಲ್ಲಿ ಲಾರಿಗಳ ಗುಡುಗು ಬಿಟ್ಟರೆ ಬೇರೇನೂ ಇರಲಿಲ್ಲ. ಜೀರುಂಡೆ ಇನ್ನೂ ಸ್ವಲ್ಪ ಕೇಳುತ್ತದೆ. ಅದರ ಸದ್ದು ದನಿಯ ಸ, ಶ ಅಕ್ಷರಗಳು ಇರುವ ಜಾಗದಲ್ಲೇ ಕೂತಿದೆ, ಕಿತ್ತರೆ ಮಾತು ಅಸ್ಪಷ್ಟ. ಇರಲಿ ಅಂತ ಬಿಟ್ಟಿದ್ದೇನೆ.

ಮೂರನೇ ಹಾಡು ತಡವಾಗುತ್ತಿರುವುದು ಮದ್ದಳೆಯ ಎಡದ ಗುಂಕಾರದಿಂದ. ಹೆಡ್‌ಫೋನ್‌ನಲ್ಲಿ ಎದೆಗೆ ತಾಗುತ್ತದೆ, ಮೊಬೈಲ್ ಸ್ಪೀಕರ್‌ನಲ್ಲಿ ಇಲ್ಲವೇ ಇಲ್ಲ. ಅಷ್ಟು ಸಣ್ಣ ಸ್ಪೀಕರ್ ಅಷ್ಟು ಕೆಳಗಿನ ಸದ್ದನ್ನು ಹೊರಡಿಸಲಾರದು, ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಆದರೆ ನಮ್ಮ ಹಾಡು ಕೇಳುವ ನೆಂಟರು ಕೇಳುವುದು ಮೊಬೈಲ್‌ನಲ್ಲೇ, ಅಲ್ವಾ? ಈಗ ಎಡದ ಪೆಟ್ಟಿಗೆ ತುಸು ಸ್ಯಾಚುರೇಶನ್ ಕೊಡುತ್ತಿದ್ದೇನೆ. ಅದರಿಂದ ಮೂಲ ಸದ್ದಿನ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳು ಹುಟ್ಟುತ್ತವೆ. ಅವು ಮೊಬೈಲ್‌ನಲ್ಲಿ ಕೇಳುತ್ತವೆ, ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಎಷ್ಟು ಕೊಡಬೇಕು ಎಂಬುದಕ್ಕೆ ಅಣ್ಣನ ಕಿವಿಯೇ ಪ್ರಮಾಣ. ನಿನ್ನೆ ಕಳಿಸಿದ್ದಕ್ಕೆ, "ಇದು ಡೋಲು ಆಯ್ತು, ಸ್ವಲ್ಪ ಕಮ್ಮಿ ಮಾಡು" ಅಂತ ಬಂತು. ಕಡಿಮೆ ಮಾಡಿ ಮತ್ತೆ ಕಳಿಸಿದ್ದೇನೆ.

ಒಟ್ಟು ಜೋರು -14 ಲಫ್ಸ್ (ಹಾಡಿನ ಜೋರು ಅಳೆಯುವ ಮಾನ) ಹತ್ತಿರ ಇಟ್ಟಿದ್ದೇನೆ. ಸ್ಪಾಟಿಫೈಯಲ್ಲಿ ಹೇಗೂ ಅಷ್ಟಕ್ಕೇ ಇಳಿಸುತ್ತಾರೆ. ಅದಕ್ಕಿಂತ ಜೋರು ಮಾಡಲು ಹೋಗಿ ಮದ್ದಳೆಯ ಏರಿಳಿತ ಚಪ್ಪಟೆ ಮಾಡುವುದು ನನಗೆ ಬೇಡ.

ಇನ್ನು ಚೆಂಡೆ. ಎಂಟಡಿಯ ಕೋಣೆಯಲ್ಲಿ ಅದನ್ನು ರೆಕಾರ್ಡ್ ಮಾಡುವ ಪ್ರಶ್ನೆಯೇ ಇಲ್ಲ, ಗದ್ದೆ ದಾಟಿ ಕೇಳಲಿಕ್ಕೆಂದೇ ಇರುವ ವಾದ್ಯ ಅದು. ಅಣ್ಣ ಜಗಲಿಯಲ್ಲಿ ನಿಂತು ಬಾರಿಸುವುದು, ಮೈಕ್ ಅಂಗಳದಲ್ಲಿ ಹತ್ತಡಿ ದೂರ, ಎಸ್‌ಎಂ 58 ಒಂದು ಹತ್ತಿರ. ಎರಡರಲ್ಲಿ ಯಾವುದು ಒಪ್ಪುತ್ತದೋ ಅದನ್ನು ಇಟ್ಟುಕೊಳ್ಳುವುದು ಅಂತ ಯೋಚನೆ. ಮಳೆಯಿಲ್ಲದ ಒಂದು ಸಂಜೆ ಬೇಕು, ನವೆಂಬರ್‌ನಲ್ಲಿ ಮೇಳ ಹೊರಡುವ ಮೊದಲು. ಪಕ್ಕದ ಮನೆಯವರಿಗೆ ಹೇಳಿಯಾಗಿದೆ. ಮಕ್ಕಳ ಪರೀಕ್ಷೆ ಇಲ್ಲದ ದಿನ ನೋಡಿಕೊಳ್ಳಿ ಅಂದಿದ್ದಾರೆ, ಅವರ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಬಂದಿದ್ದೇನೆ.